ಡಿಸ್ಕ್ ಡಬ್ಬಿ ಮೊದಲು, ಡ್ರೈವ್ ಆಮೇಲೆ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಈಚೆಗೆ ಹೊಸ ಡೆಸ್ಕ್‌ಟಾಪ್ ಕೊಂಡೆವು. ಅದರಲ್ಲಿ ಸಿಡಿ ಹಾಕುವ ಜಾಗವೇ ಇಲ್ಲ. ಮನೆಯಲ್ಲಿ ಸುಮಾರು ಅರವತ್ತು ಡಿಸ್ಕ್ ಇವೆ. 2003ರ ನಮ್ಮ ಮದುವೆಯ ವಿಸಿಡಿಗಳು, ಮಗಳ ನಾಮಕರಣದ ಪುಟ್ಟ ಡಿಸ್ಕ್‌ಗಳು, ಅಪ್ಪ ಕೂಡಿಟ್ಟ ತಾಳಮದ್ದಲೆ ಸಿಡಿಗಳು, ಸ್ಟುಡಿಯೋದವರು ಕೊಟ್ಟ ಫೋಟೋ ಸಿಡಿಗಳು, ಒಂದಿಷ್ಟು ಸಿನಿಮಾ ಡಿವಿಡಿ. ಹೊರಗಿನಿಂದ ಜೋಡಿಸುವ ಡ್ರೈವ್ ಹುಡುಕಿದರೆ ಸಾವಿರದ ಆಸುಪಾಸಿನದ್ದೂ ಇದೆ, ಅದರ ಹತ್ತು ಪಟ್ಟು ಬೆಲೆಯದ್ದೂ ಇದೆ. ಯಾವುದು ತಗೊಳ್ಳಲಿ? ಯುಎಸ್‌ಬಿ 3 ಬೇಕೇ ಬೇಕಾ? ಬ್ಲೂ-ರೇ ತಗೊಂಡರೆ ಮುಂದಕ್ಕೆ ಒಳ್ಳೆಯದಾ? ಅದನ್ನೇ ಟಿವಿಗೂ ಚುಚ್ಚಬಹುದಾ?

ಉತ್ತರ: ಚುಟುಕಾದ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹೆಸರು ಗೊತ್ತಿರುವ ಕಂಪನಿಯ ಒಂದು ಸಾದಾ ಸ್ಲಿಮ್ ಡಿವಿಡಿ ರೈಟರ್ ತಗೊಳ್ಳಿ. ಟ್ರೇ ಹೊರಗೆ ಬರುವಂಥದ್ದು ಇರಲಿ. ಕೇಬಲ್ ಬಿಚ್ಚಿ ಬೇರೆಯದು ಹಾಕಲು ಬರುವಂಥದ್ದು ಇರಲಿ. ಅದನ್ನು ಕಂಪ್ಯೂಟರಿನ ಹಿಂದಿನ ಪೋರ್ಟಿಗೆ ಚುಚ್ಚಿ. ಬ್ಲೂ-ರೇ ಬೇಡ. ಯುಎಸ್‌ಬಿ 3 ಅಂತ ಜಾಸ್ತಿ ದುಡ್ಡು ಕೊಡುವುದೂ ಬೇಡ.

ಆದರೆ ಅಂಗಡಿಗೆ ಹೋಗುವ ಮೊದಲು ಒಂದು ಕೆಲಸ ಮಾಡಿ. ಆ ಡಿಸ್ಕ್ ಡಬ್ಬಿಯನ್ನು ಎದುರಿಗಿಟ್ಟುಕೊಂಡು ಕೂರಿ. ಒಂದೊಂದೇ ತೆಗೆದು ಜಾತಿವಾರು ಗುಂಪು ಮಾಡಿ. ಎಲ್ಲರೂ ಮೊದಲು ಡ್ರೈವ್ ತರುತ್ತಾರೆ, ಆಮೇಲೆ ಡಬ್ಬಿ ತೆಗೆಯುತ್ತಾರೆ, ಆಗ ಗೊತ್ತಾಗುತ್ತದೆ ತಂದದ್ದಕ್ಕೂ ಇರುವುದಕ್ಕೂ ಹೊಂದುವುದಿಲ್ಲ ಅಂತ. ನಿಮ್ಮ ಪಟ್ಟಿ ನೋಡಿದರೆ ಅದರಲ್ಲೇ ಎರಡು ಮೂರು ಕಡೆ ಎಡವುವ ಜಾಗ ಇದೆ.

ಮೊದಲನೆಯದು ಆ ಪುಟ್ಟ ಡಿಸ್ಕ್‌ಗಳು. ಅವು 8 ಸೆಂಟಿಮೀಟರಿನ ಮಿನಿ ಡಿವಿಡಿ ಇರಬೇಕು. ಡಿಸ್ಕ್ ಮೇಲೇ ರೆಕಾರ್ಡ್ ಮಾಡುವ ಹ್ಯಾಂಡಿಕ್ಯಾಮ್‌ಗಳು ಬಂದಿದ್ದವಲ್ಲ, ಅದರವು. ಮಾಮೂಲಿ ಡಿಸ್ಕ್ 12 ಸೆಂಟಿಮೀಟರ್. ಈಗ ಮಾರುವ ಡ್ರೈವ್‌ಗಳಲ್ಲಿ ಕೆಲವಕ್ಕೆ ಟ್ರೇ ಇರುವುದಿಲ್ಲ. ಬಾಯಿಗೆ ಡಿಸ್ಕ್ ತೋರಿಸಿದರೆ ಅದೇ ಒಳಗೆ ಎಳೆದುಕೊಳ್ಳುತ್ತದೆ. ನೋಡಲು ಚೆನ್ನ. ಅದಕ್ಕೆ ಈ ಪುಟ್ಟ ಡಿಸ್ಕ್ ಹಾಕಿದಿರೋ, ಒಳಗೆ ಸಿಕ್ಕಿಕೊಂಡು ಕೂತುಬಿಡುತ್ತದೆ. ಡ್ರೈವ್ ಬಿಚ್ಚಿಯೇ ತೆಗೆಯಬೇಕು. ಹಾಗಾಗಿ ನಿಮಗೆ ಟ್ರೇ ಇರುವುದೇ ಆಗಬೇಕು. ಸ್ಲಿಮ್ ಡ್ರೈವ್‌ನ ಟ್ರೇ ಮಧ್ಯೆ ಡಿಸ್ಕ್ ಕಚ್ಚಿ ಹಿಡಿಯುವ ಸಣ್ಣ ಗುಬುಟು ಇರುತ್ತದೆ. ಡಿಸ್ಕ್ ದೊಡ್ಡದಿರಲಿ ಚಿಕ್ಕದಿರಲಿ, ಅದರ ಮೇಲೆ ಒತ್ತಿದರೆ ಟಕ್ ಅಂತ ಕೂರುತ್ತದೆ.

ಎರಡನೆಯದು ಸ್ಟಿಕರ್. 2003ರ ಮದುವೆ ವಿಸಿಡಿ ಅಂದಿರಿ. ಗಂಡು ಹೆಣ್ಣಿನ ಫೋಟೋ, ಸುತ್ತ ಗುಲಾಬಿ ಹೂವು, ಕೆಳಗೆ ಸ್ಟುಡಿಯೋ ಹೆಸರು ಇರುವ ದುಂಡನೆ ಕಾಗದ ಅಂಟಿಸಿರುತ್ತಾರೆ, ಅಲ್ವಾ? ಅದು ಈಗ ಅಂಚಿನಲ್ಲಿ ಎದ್ದಿರಬಹುದು. ಎದ್ದಿದೆ ಅಂತ ಕೀಳಲು ಹೋಗಬೇಡಿ. ಸಿಡಿಯಲ್ಲಿ ಮಾಹಿತಿ ಇರುವುದು ಹೊಳೆಯುವ ಕೆಳಗಿನ ಮೈಯಲ್ಲಿ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅಲ್ಲ. ಅದು ಲೇಬಲ್ ಕಡೆಗೇ ಹತ್ತಿರ. 1.2 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್, ಅದರ ತಲೆ ಮೇಲೆ ಹೊಳೆಯುವ ಪದರ, ಅದಕ್ಕೊಂದು ತೆಳ್ಳನೆ ವಾರ್ನಿಶ್, ಅದರ ಮೇಲೆ ನಿಮ್ಮ ಸ್ಟಿಕರ್. ಕಿತ್ತರೆ ಹೊಳಪೂ ಕಿತ್ತು ಬರುತ್ತದೆ. ಒಬ್ಬರು ಹೀಗೆ ಕಿತ್ತು, ಆಮೇಲೆ ಡಿಸ್ಕನ್ನು ಬೆಳಕಿಗೆ ಹಿಡಿದು ನನಗೆ ತೋರಿಸಿದರು. ಆಚೆ ಬದಿಯ ಟ್ಯೂಬ್‌ಲೈಟ್ ಕಾಣುತ್ತಿತ್ತು. ಅಷ್ಟು ಭಾಗದ ಮದುವೆ ಹೋಯಿತು ಅಂತಲೇ ಲೆಕ್ಕ. ಡಿವಿಡಿಯಲ್ಲಿ ಈ ಭಯ ಕಡಿಮೆ. ಅದರಲ್ಲಿ 0.6 ಮಿಲಿಮೀಟರಿನ ಎರಡು ಹಾಳೆಗಳ ನಡುವೆ ಪದರ ಭದ್ರವಾಗಿರುತ್ತದೆ. ಎದ್ದ ಸ್ಟಿಕರನ್ನು ಬೆರಳಲ್ಲಿ ಮೆಲ್ಲಗೆ ಒತ್ತಿ ಕೂರಿಸಿ, ಕಾಪಿ ಮಾಡಿ ಮುಗಿಸಿ. ಆಮೇಲೆ ಏನಾದರೂ ಆಗಲಿ.

ಮೂರನೆಯದು ತಾಳಮದ್ದಲೆ ಸಿಡಿ. ಅದರ ಕತೆ ಕೊನೆಗೆ ಹೇಳುತ್ತೇನೆ.

ಈಗ ಡ್ರೈವ್ ವಿಷಯ. ದುಡ್ಡು ಬಿಚ್ಚುವ ಮೊದಲು ನಿಮ್ಮ ಕ್ಯಾಬಿನೆಟ್‌ನ ಮುಖ ಒಮ್ಮೆ ನೋಡಿ. ಐದೂಕಾಲು ಇಂಚಿನ ಅಗಲದ ಮುಚ್ಚಳ ಮೇಲುಗಡೆ ಇದೆಯಾ? ಇದ್ದರೆ ಒಳಗೇ ಕೂರಿಸುವ ಸಾಟಾ (ಹಾರ್ಡ್ ಡಿಸ್ಕ್, ಡಿಸ್ಕ್ ಡ್ರೈವ್‌ಗಳನ್ನು ಮದರ್‌ಬೋರ್ಡಿಗೆ ಜೋಡಿಸುವ ಬಗೆ) ಡಿವಿಡಿ ರೈಟರ್ ಹಾಕಿಸಬಹುದು. ಅದು ಗಟ್ಟಿ, ಬೆಲೆಯೂ ಸಾಮಾನ್ಯವಾಗಿ ಕಡಿಮೆ, ಕರೆಂಟಿನ ತಕರಾರು ಇಲ್ಲವೇ ಇಲ್ಲ. ಮದರ್‌ಬೋರ್ಡಿನಲ್ಲಿ ಒಂದು ಸಾಟಾ ಪೋರ್ಟ್ ಖಾಲಿ ಇದ್ದರೆ ಸಾಕು. ಆದರೆ ಮುಂದೆ ಗಾಜು, ಬಣ್ಣದ ಫ್ಯಾನು ಇರುವ ಹೊಸ ಕ್ಯಾಬಿನೆಟ್ ಆಗಿದ್ದರೆ ಈ ಜಾಗ ಇರುವುದಿಲ್ಲ. ನಿಮ್ಮದು ಹಾಗೇ ಇರಬೇಕು.

ಮನೆಯಲ್ಲಿ ಸತ್ತುಹೋದ ಹಳೆ ಲ್ಯಾಪ್‌ಟಾಪ್ ಇದೆಯಾ? ಅದರ ಡಿವಿಡಿ ಡ್ರೈವ್ ಸಾಮಾನ್ಯವಾಗಿ ಒಂದೇ ಸ್ಕ್ರೂ ಬಿಚ್ಚಿದರೆ ಹೊರಗೆ ಜಾರುತ್ತದೆ. ಅದನ್ನು ಕೂರಿಸಲು ಖಾಲಿ ಕವಚ ಸಿಗುತ್ತದೆ. ಬೆಂಗಳೂರಿನ ಎಸ್.ಪಿ. ರೋಡ್ ಕಡೆ ಹೋದವರ ಕೈಲಿ ತರಿಸಿಕೊಳ್ಳಬಹುದು. ಡ್ರೈವ್ ದಪ್ಪ 12.7 ಮಿಲಿಮೀಟರಾ, 9.5ರದ್ದಾ ಅಂತ ಅಳೆದು ಹೇಳಿ. ಕವಚ ಎರಡು ಅಳತೆಯಲ್ಲಿ ಬರುತ್ತದೆ. ಹಳೆ ಡೆಸ್ಕ್‌ಟಾಪಿನ ದೊಡ್ಡ ಡ್ರೈವ್ ಇದ್ದರೂ ಬಳಸಬಹುದು. ಆದರೆ ಅದಕ್ಕೆ 5 ವೋಲ್ಟ್ ಜೊತೆಗೆ 12 ವೋಲ್ಟೂ ಬೇಕು. ಹಾಗಾಗಿ ಗೋಡೆಗೆ ಹಾಕುವ ಅಡಾಪ್ಟರ್ ಜೊತೆ ಬರುವ ಸಾಟಾ-ಯುಎಸ್‌ಬಿ ಪರಿವರ್ತಕವೇ ಆಗಬೇಕು. ಲ್ಯಾಪ್‌ಟಾಪ್ ಹಾರ್ಡ್ ಡಿಸ್ಕಿಗೆ ಹಾಕುವ ಬರೀ ಕೇಬಲ್ ಸಾಲದು.

ಇವೆರಡೂ ಇಲ್ಲ ಅಂದರೆ ಹೊಸ ಸ್ಲಿಮ್ ಡ್ರೈವ್ ಕೊಳ್ಳಿ. ಇಲ್ಲಿ ಡೆಸ್ಕ್‌ಟಾಪ್ ಇಟ್ಟುಕೊಂಡವರು ಮೊದಲು ಕೇಳಬೇಕಾದದ್ದು ಸ್ಪೀಡನ್ನಲ್ಲ, ಕರೆಂಟನ್ನು.

ಒಮ್ಮೆ ನಮ್ಮ ಬೀದಿಯ ಮೇಷ್ಟ್ರೊಬ್ಬರು ಹೊಸ ಡ್ರೈವ್ ಹಿಡಿದುಕೊಂಡು ಬಂದರು. ಕೆಟ್ಟದ್ದು ಕೊಟ್ಟಿದ್ದಾರೆ, ವಾಪಸ್ ಕಳಿಸಬೇಕು ಅಂತ ಸಿಟ್ಟು. ಅವರ ಮನೆಗೇ ಹೋಗಿ ನೋಡಿದೆ. ಡಿಸ್ಕ್ ಹಾಕಿದ ಕೂಡಲೇ ಡ್ರೈವ್ ಗುಂಯ್ ಅಂತ ಏಳುತ್ತದೆ, ಟಕ್ ಟಕ್ ಅನ್ನುತ್ತದೆ, ದೀಪ ಆರುತ್ತದೆ. ಕಂಪ್ಯೂಟರಿನಲ್ಲಿ ಯುಎಸ್‌ಬಿ ಕಿತ್ತಾಗ ಬರುವ ಶಬ್ದ ಬರುತ್ತದೆ. ಎರಡು ಸೆಕೆಂಡ್ ಬಿಟ್ಟು ಮತ್ತೆ ಜೋಡಿಸಿದ ಶಬ್ದ. ಮತ್ತೆ ಗುಂಯ್. ಅದು ಕ್ಯಾಬಿನೆಟ್‌ನ ಮುಂದಿನ ಪೋರ್ಟಿನಲ್ಲಿತ್ತು. ಬಗ್ಗಿ ಹಿಂದಿನ ಪೋರ್ಟಿಗೆ ಚುಚ್ಚಿದೆ. ಅದೇ ಡ್ರೈವ್, ಅದೇ ಡಿಸ್ಕ್, ತಕ್ಷಣ ಓಡಿತು. ಮೇಷ್ಟ್ರು ಕಾಫಿ ಮಾಡಿಸಿದರು.

ಆದದ್ದೇನು ಅಂದರೆ, ಯುಎಸ್‌ಬಿ 2 ಪೋರ್ಟ್ ನಿಯಮದ ಪ್ರಕಾರ ಕೊಡಬೇಕಾದದ್ದು 500 ಮಿಲಿಆಂಪ್. ಯುಎಸ್‌ಬಿ 3 ಪೋರ್ಟ್ ಆದರೆ 900. ಸ್ಲಿಮ್ ಡ್ರೈವ್ ಅಡಿಯ ಚೀಟಿ ಓದಿ ನೋಡಿ. 5 ವೋಲ್ಟ್ ಅಂತ ಇದ್ದು ಪಕ್ಕದಲ್ಲಿ 1 ಆಂಪ್‌ಗಿಂತ ಜಾಸ್ತಿಯೇ ಬರೆದಿರುತ್ತದೆ ಬಹಳ ಸಲ. ನಿಂತ ಡಿಸ್ಕನ್ನು ತಿರುಗಿಸಿ ವೇಗಕ್ಕೆ ತರುವ ಆ ಕ್ಷಣಕ್ಕೆ ಮೋಟಾರಿಗೆ ಅಷ್ಟು ಬೇಕು. ಡಿಸ್ಕ್ ಬರೆಯುವಾಗ ಲೇಸರಿಗೂ ಬೇಕು. ಮುಂದಿನ ಪೋರ್ಟಿಗೆ ಮದರ್‌ಬೋರ್ಡಿನಿಂದ ತೆಳ್ಳನೆ ವೈರು ಸುತ್ತಿ ಬಳಸಿ ಬಂದಿರುತ್ತದೆ. ಅಷ್ಟರಲ್ಲಿ ವೋಲ್ಟೇಜ್ ಇಳಿಯುತ್ತದೆ. ಹಿಂದಿನ ಪೋರ್ಟ್ ಮದರ್‌ಬೋರ್ಡಿಗೇ ಬೆಸೆದಿದ್ದು. ಅದಕ್ಕೇ ಹಿಂದಿನದನ್ನು ಬಳಸಿ ಅಂದದ್ದು. ಅದರಲ್ಲೂ ನೀಲಿ ಬಣ್ಣದ್ದು, ಅಂದರೆ ಸಾಮಾನ್ಯವಾಗಿ ಯುಎಸ್‌ಬಿ 3 ಪೋರ್ಟ್, ಇದ್ದರೆ ಅದಕ್ಕೇ ಹಾಕಿ.

ಇಲ್ಲೊಂದು ಸಣ್ಣ ತೊಡಕಿದೆ. ಈ ಡ್ರೈವ್‌ಗಳ ಕೇಬಲ್ ಬಲು ಮೊಟಕು, ಹೆಚ್ಚೆಂದರೆ ಅರ್ಧ ಮೀಟರ್. ಲ್ಯಾಪ್‌ಟಾಪ್ ಪಕ್ಕ ಇಡುವವರಿಗೆ ಅಂತ ಮಾಡಿದ್ದು. ಡೆಸ್ಕ್‌ಟಾಪಿನ ಬೆನ್ನಿಂದ ಮೇಜಿನ ಮೇಲಕ್ಕೆ ಅದು ಎಟುಕುವುದಿಲ್ಲ. ಆಗ ಜನ ಎಕ್ಸ್‌ಟೆನ್ಷನ್ ವೈರು ಹಾಕುತ್ತಾರೆ, ಮತ್ತೆ ಅದೇ ಟಕ್ ಟಕ್ ಶುರು. ಡ್ರೈವನ್ನು ಕ್ಯಾಬಿನೆಟ್ ತಲೆ ಮೇಲೇ ಇಟ್ಟುಬಿಡಿ, ಅಲುಗಾಡದ ಹಾಗೆ. ಅದೂ ಆಗದಿದ್ದರೆ ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ತಗೊಳ್ಳಿ. ಎರಡು ಪೋರ್ಟಿನಿಂದ ಕರೆಂಟ್ ಎಳೆಯುವ ವೈ ಆಕಾರದ ಕೇಬಲ್ ಕೂಡ ಸಿಗುತ್ತದೆ. ಇದಕ್ಕೆಲ್ಲ ಡ್ರೈವಿನ ಕೇಬಲ್ ಬಿಚ್ಚಲು ಬರಬೇಕು. ಅಗ್ಗದ ಡ್ರೈವ್‌ಗಳಲ್ಲಿ ಕೇಬಲ್ ಒಳಗೇ ಬೆಸೆದು, ಅಡಿಯ ಕಾಲುವೆಯಲ್ಲಿ ಮಡಚಿ ಇಡುವ ವ್ಯವಸ್ಥೆ ಇರುತ್ತದೆ. ಮಡಚಿ ಮಡಚಿ ಬುಡದಲ್ಲಿ ತುಂಡಾದರೆ ಡ್ರೈವೇ ಗುಜರಿಗೆ.

ಯುಎಸ್‌ಬಿ 3 ಬೇಕಾ ಅಂದಿರಿ. ಲೆಕ್ಕ ಹಾಕೋಣ. ಡಿವಿಡಿಯ 1 ಎಕ್ಸ್ ಅಂದರೆ ಸೆಕೆಂಡಿಗೆ ಸುಮಾರು 1.38 ಎಂಬಿ. ಸ್ಲಿಮ್ ಡ್ರೈವ್ ಓಡುವುದು 8 ಎಕ್ಸ್. ಅಂದರೆ 11 ಎಂಬಿ. ಅದೂ ಡಿಸ್ಕಿನ ಹೊರ ಅಂಚಿಗೆ ಬಂದಾಗ ಮಾತ್ರ. ಒಳಸುತ್ತಿನಲ್ಲಿ ಅದರ ಅರ್ಧವೂ ಇಲ್ಲ. ಸಿಡಿಯ 1 ಎಕ್ಸ್ ಸೆಕೆಂಡಿಗೆ 150 ಕೆಬಿ. 24 ಎಕ್ಸ್ ಆದರೂ 3.6 ಎಂಬಿ. ಹಳೆಯ ಯುಎಸ್‌ಬಿ 2 ಕೂಡ ಸೆಕೆಂಡಿಗೆ 30 ಎಂಬಿ ಆರಾಮಾಗಿ ಸಾಗಿಸುತ್ತದೆ. ಎತ್ತಿನ ಗಾಡಿಗೆ ನಾಲ್ಕು ಪಥದ ಹೆದ್ದಾರಿ ಮಾಡಿದ ಹಾಗೆ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಯುಎಸ್‌ಬಿ 3 ಅಂತ ಬರೆದರೆ ನಿಮ್ಮ ಮದುವೆ ಬೇಗ ಕಾಪಿ ಆಗುವುದಿಲ್ಲ. ಟೈಪ್-ಸಿ ವಿಷಯವೂ ಅಷ್ಟೇ. ಅದು ಪಿನ್ನಿನ ಆಕಾರ ಅಷ್ಟೇ, ವೇಗ ಅಲ್ಲ. ನಿಮ್ಮ ಡೆಸ್ಕ್‌ಟಾಪಿನಲ್ಲಿ ಮಾಮೂಲಿ ಚಪ್ಪಟೆ ಪೋರ್ಟ್ ಇದ್ದೇ ಇರುತ್ತದೆ.

ಯಾವ ಕಂಪನಿ ಅನ್ನುವುದಕ್ಕೆ ಬರುತ್ತೇನೆ. ಎಲ್‌ಜಿ, ಏಸಸ್, ಡೆಲ್, ಎಚ್‌ಪಿ ಇಂಥ ಹೆಸರಿನಲ್ಲಿ ಬರುವ ಯಾವುದಾದರೂ ಸರಿ. ಒಳಗಿನ ಯಂತ್ರ ಮಾಡುವವರು ಜಗತ್ತಿನಲ್ಲಿ ಕೆಲವೇ ಮಂದಿ. ಹೊರಗಿನ ಹೆಸರು ಯಾವುದೇ ಇರಲಿ, ಒಳಗಿನ ಹೆಸರು ಕಂಡುಹಿಡಿಯಲು ಒಂದು ಉಪಾಯ ಇದೆ. ಡ್ರೈವ್ ಚುಚ್ಚಿ, ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ತೆರೆಯಿರಿ. ಅಲ್ಲಿ ಡಿವಿಡಿ ಡ್ರೈವ್‌ಗಳ ಸಾಲು ಬಿಚ್ಚಿದರೆ ನಿಜ ಹೆಸರು ಕಾಣುತ್ತದೆ. ‘ಎಚ್‌ಎಲ್-ಡಿಟಿ-ಎಸ್‌ಟಿ’ ಅಂತ ಇದ್ದರೆ ಹಿಟಾಚಿ-ಎಲ್‌ಜಿ. ‘ಮ್ಯಾಟ್‌ಶಿಟಾ’ ಅಂದರೆ ಪ್ಯಾನಾಸೋನಿಕ್. ‘ಟಿಎಸ್‌ಎಸ್‌ಟಿ’ ಅಂದರೆ ತೋಷಿಬಾ-ಸ್ಯಾಮ್‌ಸಂಗ್. ‘ಪಿಎಲ್‌ಡಿಎಸ್’ ಅಂದರೆ ಫಿಲಿಪ್ಸ್ ಮತ್ತು ಲೈಟ್‌ಆನ್. ಇವು ಯಾವುದೂ ಅಲ್ಲದೆ ಏನೋ ಒಂದು ಸಾಮಾನ್ಯ ಹೆಸರು ಬಂದರೆ ಸ್ವಲ್ಪ ಅನುಮಾನ ಪಡಿ. ವಾಪಸ್ ಮಾಡುವ ಅವಧಿ ಮುಗಿಯುವ ಮೊದಲೇ ನಿಮ್ಮ ಹತ್ತು ಡಿಸ್ಕ್ ಹಾಕಿ ಪರೀಕ್ಷೆ ಮಾಡಿ.

ಹೆಸರಿಲ್ಲದ್ದನ್ನು ನಾನೂ ಒಮ್ಮೆ ತರಿಸಿ ಕೈ ಸುಟ್ಟುಕೊಂಡಿದ್ದೇನೆ. ಡ್ರೈವ್ ಜೊತೆಗೇ ಮೆಮೊರಿ ಕಾರ್ಡ್ ಜಾಗ, ಎರಡು ಯುಎಸ್‌ಬಿ ಪೋರ್ಟ್, ಎಲ್ಲ ಒಂದರಲ್ಲೇ ಅಂತ ಆಸೆ ಹುಟ್ಟಿಸಿದ್ದರು. ಇರುವ ಸ್ವಲ್ಪ ಕರೆಂಟನ್ನು ಅಷ್ಟೂ ಮಂದಿಗೆ ಹಂಚಬೇಕಲ್ಲ, ಪೆನ್‌ಡ್ರೈವ್ ಹಾಕಿದ ಕೂಡಲೇ ಡಿಸ್ಕ್ ನಿಲ್ಲುತ್ತಿತ್ತು. ಮೂರು ವಾರಕ್ಕೆ ಟ್ರೇ ಕೈ ಕೊಟ್ಟಿತು. ಬಿಚ್ಚಿ ನೋಡಿದರೆ ಒಳಗಿದ್ದದ್ದು ಹಳೆ ಲ್ಯಾಪ್‌ಟಾಪಿನಿಂದ ಕಿತ್ತ ಡ್ರೈವ್. ಸ್ಕ್ರೂ ತಲೆಗಳು ಸವೆದಿದ್ದವು. ಹೊಸ ಲೇಬಲ್ ಅಡಿಯಲ್ಲಿ ಹಳೆ ಲೇಬಲ್ ಇತ್ತು. ಹೊಳೆಯುವ ಕವಚಕ್ಕೆ ನಾನು ದುಡ್ಡು ಕೊಟ್ಟಿದ್ದೆ ಅಷ್ಟೇ.

ಇನ್ನೊಂದು ಎಚ್ಚರಿಕೆ. ಆಪಲ್‌ನ ಸೂಪರ್‌ಡ್ರೈವ್ ಯಾರಾದರೂ ಸೆಕೆಂಡ್ ಹ್ಯಾಂಡ್ ಕೊಡುತ್ತೇನೆ ಅಂದರೆ ಬೇಡ ಅನ್ನಿ. ಅದು ಮ್ಯಾಕ್‌ಗೆ ಅಂತಲೇ ಮಾಡಿದ್ದು, ವಿಂಡೋಸ್‌ನಲ್ಲಿ ಸುಮ್ನೆ ಚುಚ್ಚಿದರೆ ಓಡುವುದಿಲ್ಲ. ಅದಕ್ಕೆ ಟ್ರೇ ಕೂಡ ಇಲ್ಲ.

ಬ್ಲೂ-ರೇ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಿಮ್ಮ ಡಬ್ಬಿಯಲ್ಲಿ ಒಂದೂ ಬ್ಲೂ-ರೇ ಇಲ್ಲ. ಮುಂದಕ್ಕೆ ಒಳ್ಳೆಯದು ಅನ್ನುವ ಮಾತಿಗೆ ಈಗ ಬಲ ಇಲ್ಲ. ಬರೆಯುವ ಬ್ಲೂ-ರೇ ಡಿಸ್ಕ್ ತಯಾರಿಕೆಯನ್ನು ಸೋನಿಯವರೇ 2025ರ ಫೆಬ್ರವರಿಯಲ್ಲಿ ನಿಲ್ಲಿಸಿದರು. 4ಕೆ ಬ್ಲೂ-ರೇ ಸಿನಿಮಾ ನೋಡಲಂತೂ ಇಂಟೆಲ್ ಚಿಪ್‌ನಲ್ಲಿ ಎಸ್‌ಜಿಎಕ್ಸ್ ಅನ್ನೋ ಸೌಲಭ್ಯ ಬೇಕಿತ್ತು. 11ನೇ ಪೀಳಿಗೆಯಿಂದ ಈಚೆಗಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಅದನ್ನೇ ತೆಗೆದುಹಾಕಿದ್ದಾರೆ. ಅಂದರೆ ಹೊಸ ಕಂಪ್ಯೂಟರ್ ಇದ್ದವರಿಗೇ ಆ ಡಿಸ್ಕ್ ನೋಡುವ ದಾರಿ ಕಷ್ಟ! ಆ ದುಡ್ಡಿಗೆ ಒಂದು ಹಾರ್ಡ್ ಡಿಸ್ಕ್ ಬರುತ್ತದೆ, ಅದು ನಿಮಗೆ ಹೇಗೂ ಬೇಕು.

ಡ್ರೈವ್ ಬಂತು ಅಂತ ಇಟ್ಟುಕೊಳ್ಳಿ. ಸ್ಲಿಮ್ ಡ್ರೈವ್‌ನ ಟ್ರೇ ಹೊರಗೆ ಬಂದಾಗ ಅದರ ಜೊತೆಗೇ ಒಂದು ಪುಟ್ಟ ಗಾಜಿನ ಕಣ್ಣು ಹೊರಗೆ ಬರುತ್ತದೆ. ಕಡಲೆಬೇಳೆಗಿಂತ ಚಿಕ್ಕದು. ಅದೇ ಲೆನ್ಸ್. ದೊಡ್ಡ ಡ್ರೈವ್‌ನಲ್ಲಿ ಅದು ಒಳಗೇ ಅಡಗಿರುತ್ತದೆ, ಇಲ್ಲಿ ಎದುರಿಗೇ ಇರುತ್ತದೆ. ಬೆರಳು ತಾಗಿಸಬೇಡಿ. ಟ್ರೇ ತೆರೆದಿಟ್ಟು ಊಟಕ್ಕೆ ಹೋಗಬೇಡಿ. ಡಿಸ್ಕ್ ಕೂರಿಸುವಾಗ ಟ್ರೇ ಅಡಿಗೆ ಒಂದು ಕೈ ಆಧಾರ ಕೊಡಿ, ಇನ್ನೊಂದು ಕೈಯ ಎರಡು ಬೆರಳಲ್ಲಿ ನಡುವೆ ಒತ್ತಿ. ತೆಗೆಯುವಾಗಲೂ ಅಷ್ಟೇ, ನಡುವಿನ ಗುಬುಟು ಒತ್ತಿಕೊಂಡು ಅಂಚು ಎತ್ತಿ. ಬರೀ ಅಂಚು ಹಿಡಿದು ಎಳೆದರೆ ಹಳೆ ಡಿಸ್ಕ್ ನಡುತೂತಿನ ಹತ್ತಿರ ಬಿರುಕು ಬಿಡುತ್ತದೆ. ಡಿಸ್ಕ್ ಒಳಗೇ ಉಳಿದು ಬಟನ್ ಕೆಲಸ ಮಾಡದಿದ್ದರೆ ಗಾಬರಿ ಬೇಡ. ಮುಂದೆ ಸೂಜಿ ಮೊನೆಯಷ್ಟು ತೂತಿದೆ. ಕೇಬಲ್ ಕಿತ್ತು, ನೆಟ್ಟಗೆ ಮಾಡಿದ ಪೇಪರ್ ಕ್ಲಿಪ್ ತೂರಿಸಿ ಒತ್ತಿದರೆ ಟ್ರೇ ಬಿಟ್ಟುಕೊಳ್ಳುತ್ತದೆ.

ನಿಮ್ಮ ಕಡೆ ಮಳೆಗಾಲ ಅಂದರೆ ಹೇಗೆ ಅಂತ ನಿಮಗೆ ಹೇಳಬೇಕಾಗಿಲ್ಲ. ಚಪ್ಪಲಿ, ಬೆಲ್ಟಿಗೇ ಬೂಷ್ಟು ಹಿಡಿಯುತ್ತದೆ, ಡಿಸ್ಕ್ ಬಿಡುತ್ತದಾ? ಬಿಳಿ ಮಸುಕು ಕಂಡರೆ ಮೃದುವಾದ ಹತ್ತಿ ಬಟ್ಟೆಯನ್ನು ಸ್ವಲ್ಪ ನೀರಲ್ಲಿ ನೆನೆಸಿ ಹಿಂಡಿ, ನಡುವಿನಿಂದ ಅಂಚಿನ ಕಡೆಗೆ ನೇರ ಗೆರೆಯಲ್ಲಿ ಒರೆಸಿ. ದುಂಡಗೆ ತಿರುಗಿಸಿ ಒರೆಸಬೇಡಿ. ಮಾಹಿತಿ ಬರೆದಿರುವುದು ದುಂಡಗೆ. ಅಡ್ಡ ಬಿದ್ದ ಗೀರನ್ನು ಡ್ರೈವ್ ದಾಟಿ ಓದಿಕೊಳ್ಳುತ್ತದೆ, ಸುತ್ತಿನ ಉದ್ದಕ್ಕೆ ಬಿದ್ದ ಗೀರು ಅದನ್ನು ಸೋಲಿಸುತ್ತದೆ. ಟೂತ್‌ಪೇಸ್ಟ್ ಪ್ರಯೋಗ ಬೇಡ. ಒದ್ದೆ ಪೂರ್ತಿ ಆರಿದ ಮೇಲೆಯೇ ಡ್ರೈವಿಗೆ ಹಾಕಿ.

ಈಗ ಒಂದೊಂದು ಜಾತಿಯ ಡಿಸ್ಕ್ ಕಾಪಿ ಮಾಡುವ ಬಗೆ. ಫೋಟೋ ಸಿಡಿ ಸುಲಭ, ಎಲ್ಲ ಆರಿಸಿ ಎಳೆದು ಹಾಕಿದರಾಯಿತು. ವಿಸಿಡಿಯಲ್ಲಿ ‘ಎಂಪೆಗ್‌ಎವಿ’ ಅನ್ನೋ ಫೋಲ್ಡರಿನಲ್ಲಿ ‘ಡ್ಯಾಟ್’ ಅಂತ ಕೊನೆಯಾಗುವ ದೊಡ್ಡ ಫೈಲ್ ಇರುತ್ತದೆ, ಅದೇ ವಿಡಿಯೋ. ಅದನ್ನು ಕಾಪಿ ಮಾಡಿ, ವಿಎಲ್‌ಸಿ ಪ್ಲೇಯರಿನಲ್ಲಿ ಹಾಗೇ ಓಡುತ್ತದೆ. ಚಿತ್ರ ಮಸುಕು ಅಂತ ಡ್ರೈವನ್ನು ಬೈಯಬೇಡಿ. ವಿಸಿಡಿ ಇರುವುದೇ 352 ಅಡ್ಡ, 288 ಉದ್ದದ ಚುಕ್ಕೆಗಳಲ್ಲಿ. ದೊಡ್ಡ ಟಿವಿಯಲ್ಲಿ ಮುಖ ತುಸು ಕಲೆಸಿದ ಹಾಗೆ ಕಾಣುವುದು ಸಹಜ.

ವಿಸಿಡಿಯಲ್ಲಿ ಇನ್ನೊಂದು ಕಿರಿಕಿರಿ ಇದೆ. ನೋಡಲು ಹಾಕಿದರೆ ಅಲ್ಲಲ್ಲಿ ಚೌಕ ಚೌಕ ಆದರೂ ಓಡುತ್ತದೆ. ಕಾಪಿ ಮಾಡಲು ಹೋದರೆ ಅರ್ಧದಲ್ಲಿ ದೋಷ ಅಂತ ನಿಂತುಬಿಡುತ್ತದೆ. ಕಾರಣ ಇದು. ಮಾಮೂಲಿ ಸಿಡಿಯ ಪ್ರತಿ ಸೆಕ್ಟರಿನಲ್ಲಿ, ಅಂದರೆ ಮಾಹಿತಿಯ ಒಂದೊಂದು ತುಣುಕಿನಲ್ಲಿ, 2048 ಬೈಟ್ ಮಾಹಿತಿ ಇಟ್ಟು, ಉಳಿದ ಜಾಗದಲ್ಲಿ ತಪ್ಪು ತಿದ್ದುವ ಹೆಚ್ಚುವರಿ ಲೆಕ್ಕ ಇಡುತ್ತಾರೆ. ವಿಡಿಯೋ ಜಾಸ್ತಿ ಹಿಡಿಸಲಿ ಅಂತ ವಿಸಿಡಿಯಲ್ಲಿ 2324 ಬೈಟ್ ತುಂಬಿ, ಆ ತಿದ್ದುವ ಲೆಕ್ಕವನ್ನು ಕೈಬಿಟ್ಟರು. ಗೀರು ಬಿದ್ದರೆ ರಿಪೇರಿ ಮಾಡಿಕೊಳ್ಳಲು ಆ ಹೆಚ್ಚುವರಿ ಆಸರೆ ಅದಕ್ಕಿಲ್ಲ. ಇಂಥದ್ದಕ್ಕೆ ‘ಅನ್‌ಸ್ಟಾಪಬಲ್ ಕಾಪಿಯರ್’ ಅನ್ನೋ ಉಚಿತ ತಂತ್ರಾಂಶ ಬಳಸಿ. ಓದಲಾಗದ ಜಾಗ ಬಿಟ್ಟು ಮುಂದಕ್ಕೆ ಹೋಗುತ್ತದೆ. ಧಾರೆ ಎರೆಯುವಾಗ ಎರಡು ಸೆಕೆಂಡ್ ಚಿತ್ರ ಹಾರಿದರೆ ಹಾರಲಿ, ಉಳಿದದ್ದು ಸಿಗುತ್ತದಲ್ಲ. ಅದಕ್ಕೂ ಬಗ್ಗದ ಡಿಸ್ಕನ್ನು ಎಸೆಯಬೇಡಿ. ಬೇರೆಯವರ ಮನೆಯ ಹಳೆ ಕಂಪ್ಯೂಟರಿನಲ್ಲಿ ಹಾಕಿ ನೋಡಿ. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುವುದು ತೀರಾ ಮಾಮೂಲಿ.

ಡಿವಿಡಿಯಲ್ಲಿ ‘ವಿಡಿಯೋ ಟಿಎಸ್’ ಫೋಲ್ಡರ್ ಇರುತ್ತದೆ. ಪೂರ್ತಿ ಫೋಲ್ಡರನ್ನೇ ಕಾಪಿ ಮಾಡಿ ಇಟ್ಟುಕೊಳ್ಳಿ, ಅದು ಮೂಲ ಪ್ರತಿ. ಆಮೇಲೆ ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ ಎಂಪಿ4 ಮಾಡಿ. ಅದರಲ್ಲಿ ಡಿಇಂಟರ್‌ಲೇಸ್ ಅನ್ನೋ ಆಯ್ಕೆ ಹಾಕಲು ಮರೆಯಬೇಡಿ. ಹಾಕದಿದ್ದರೆ ಯಾರಾದರೂ ನಡೆದುಹೋಗುವಾಗ ಸೀರೆ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಕಾಣುತ್ತವೆ. ಅಂಗಡಿಯಲ್ಲಿ ಕೊಂಡ ಸಿನಿಮಾ ಡಿವಿಡಿಗೆ ಕಾಪಿ ಆಗದ ಹಾಗೆ ಬೀಗ ಇದ್ದಿರಬಹುದು. ಅವನ್ನು ಹಾಗೇ ಹಾಕಿ ನೋಡಿ. ವಿಂಡೋಸ್ 8ರಿಂದ ಈಚೆಗೆ ಡಿವಿಡಿ ನೋಡುವ ಸೌಲಭ್ಯ ವಿಂಡೋಸ್ ಜೊತೆ ಬರುವುದಿಲ್ಲ, ಹಾಗಾಗಿ ವಿಎಲ್‌ಸಿ ಬೇಕೇ ಬೇಕು. ಹೊರದೇಶದ ನೆಂಟರು ತಂದ ಡಿಸ್ಕ್ ಹಾಕಿದಾಗ ಪ್ರದೇಶ ಬದಲಿಸಲಾ ಅಂತ ಕಂಪ್ಯೂಟರ್ ಕೇಳಿದರೆ ಸುಮ್ನೆ ಹೌದು ಅನ್ನಬೇಡಿ. ಸಿನಿಮಾ ಡಿವಿಡಿಗೆ ಅಂತ ಜಗತ್ತನ್ನು ಪ್ರದೇಶಗಳಾಗಿ ಹಂಚಿದ್ದಾರೆ, ನಮ್ಮದು 5ನೇ ಪ್ರದೇಶ. ಡ್ರೈವ್ ಒಟ್ಟು ಐದೇ ಸಲ ಬದಲಿಸಲು ಬಿಡುತ್ತದೆ, ಆಮೇಲೆ ಕೊನೆಯದಕ್ಕೆ ಅಂಟಿಕೊಳ್ಳುತ್ತದೆ.

ನಾಮಕರಣದ ಪುಟ್ಟ ಡಿಸ್ಕ್ ಹಾಕಿದಾಗ ಖಾಲಿ ಅಂತ ತೋರಿಸಿದರೆ ನಂಬಬೇಡಿ. ಡಿಸ್ಕನ್ನು ಓರೆಯಾಗಿ ಬೆಳಕಿಗೆ ಹಿಡಿಯಿರಿ. ಒಳಭಾಗದಲ್ಲಿ ಒಂದು ಉಂಗುರ ಬೇರೆ ಬಣ್ಣದಲ್ಲಿ ಕಂಡರೆ ಅಲ್ಲಿ ರೆಕಾರ್ಡಿಂಗ್ ಇದೆ. ಹ್ಯಾಂಡಿಕ್ಯಾಮ್‌ನಲ್ಲಿ ಫೈನಲೈಸ್ ಅನ್ನೋ ಕೊನೆಯ ಕೆಲಸ ಮಾಡದೆ ಬಿಟ್ಟಿರುತ್ತಾರೆ. ಆ ಕ್ಯಾಮೆರಾ ಇನ್ನೂ ಇದ್ದರೆ ಅದರಲ್ಲೇ ಫೈನಲೈಸ್ ಮಾಡಿ ತನ್ನಿ. ಇಲ್ಲದಿದ್ದರೆ ಐಸೋಬಸ್ಟರ್‌ನಂಥ ತಂತ್ರಾಂಶ ಬಹಳ ಸಲ ಒಳಗಿನದನ್ನು ಎತ್ತಿ ಕೊಡುತ್ತದೆ.

ಟಿವಿಗೆ ಚುಚ್ಚುವ ಯೋಚನೆ ಬಿಡಿ. ಬಹುತೇಕ ಟಿವಿಗಳ ಯುಎಸ್‌ಬಿ ಪೋರ್ಟ್ ಪೆನ್‌ಡ್ರೈವ್ ಗುರುತಿಸುತ್ತದೆ, ಡಿಸ್ಕ್ ಡ್ರೈವ್ ಗುರುತಿಸುವುದಿಲ್ಲ. ಎಂಪಿ4 ಮಾಡಿ ಪೆನ್‌ಡ್ರೈವಿಗೆ ಹಾಕಿದರೆ ಮನೆಮಂದಿಯೆಲ್ಲ ಸೋಫಾದಲ್ಲಿ ಕೂತು ನೋಡಬಹುದು.

ಎಷ್ಟು ಜಾಗ ಬೇಕು? ಸಿಡಿ, ವಿಸಿಡಿ ಸೇರಿ 40 ಅಂದುಕೊಳ್ಳಿ, ತಲಾ 700 ಎಂಬಿಯಂತೆ 28 ಜಿಬಿ. ಹನ್ನೆರಡು ಡಿವಿಡಿ, ತಲಾ 4.7 ಜಿಬಿಯಂತೆ 56 ಜಿಬಿ. ಎಂಟು ಪುಟ್ಟ ಡಿಸ್ಕ್, ತಲಾ 1.4ರಂತೆ 11 ಜಿಬಿ. ಎಲ್ಲ ಸೇರಿ ನೂರು ಜಿಬಿ ಒಳಗೇ. ಒಂದು ಪ್ರತಿ ಕಂಪ್ಯೂಟರಿನಲ್ಲಿ, ಇನ್ನೊಂದು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ. ಮೂರನೆಯದನ್ನು ಪೆನ್‌ಡ್ರೈವಿಗೆ ಹಾಕಿ ತಂಗಿ ಮನೆಯಲ್ಲೋ ಅಣ್ಣನ ಮನೆಯಲ್ಲೋ ಇಡಿ. ಸಮಯ ನೋಡಿದರೆ, ಒಳ್ಳೆ ಸಿಡಿಗೆ ಐದು ನಿಮಿಷ, ಡಿವಿಡಿಗೆ ಹತ್ತು ಹದಿನೈದು ನಿಮಿಷ. ದಿನಕ್ಕೆ ನಾಲ್ಕೈದು ಮಾಡಿದರೂ ಎರಡು ವಾರದ ಕೆಲಸ. ಒಂದೇ ದಿನ ಅಷ್ಟೂ ತುರುಕಬೇಡಿ, ಸ್ಲಿಮ್ ಡ್ರೈವ್ ಬಿಸಿಯಾಗುತ್ತದೆ.

ಅಂಗಡಿಯ ಸಿನಿಮಾ ಡಿಸ್ಕ್ ಕೊನೆಗೆ ಇರಲಿ. ಅದು ಕಾರ್ಖಾನೆಯಲ್ಲಿ ಅಚ್ಚೊತ್ತಿದ್ದು. ಸ್ಟುಡಿಯೋದವರು, ಮನೆಯವರು ಬರೆದ ಡಿಸ್ಕ್‌ನಲ್ಲಿ ಮಾಹಿತಿ ನಿಂತಿರುವುದು ಒಂದು ಬಣ್ಣದ ಪದರದ ಮೇಲೆ. ಬಿಸಿಲು, ಬಿಸಿ, ತೇವಕ್ಕೆ ಅದು ಬೇಗ ಮಾಸುತ್ತದೆ. ಹಾಗಾಗಿ ನಾಮಕರಣ, ಮದುವೆ, ಫೋಟೋ ಮೊದಲು.

ಈಗ ತಾಳಮದ್ದಲೆ. ನನ್ನ ಮಾವನವರು ಹಿಂದೆ ಹೀಗೇ ಒಂದು ರಾಶಿ ಆಡಿಯೋ ಸಿಡಿಗಳನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿದರು. ಎಷ್ಟು ಬೇಗ ಆಯ್ತು ನೋಡು, ಒಂದು ಸಿಡಿಗೆ ಅರ್ಧ ಸೆಕೆಂಡ್ ಅಂತ ಖುಷಿ. ಸಿಡಿಗಳನ್ನು ಯಾರಿಗೋ ಕೊಟ್ಟೂಬಿಟ್ಟರು. ಪೆನ್‌ಡ್ರೈವ್ ಹಾಕಿದರೆ ಒಂದೂ ಹಾಡಲಿಲ್ಲ. ಅವರು ಕಾಪಿ ಮಾಡಿದ್ದು ‘ಸಿಡಿಎ’ ಫೈಲ್‌ಗಳನ್ನು. ಒಂದೊಂದೂ 44 ಬೈಟ್. ಅದು ಹಾಡಲ್ಲ, ಹಾಡು ಡಿಸ್ಕಿನಲ್ಲಿ ಎಲ್ಲಿ ಶುರುವಾಗುತ್ತದೆ ಅನ್ನುವ ವಿಳಾಸದ ಚೀಟಿ. ಮನೆ ಮಾರಿ ವಿಳಾಸ ಇಟ್ಟುಕೊಂಡ ಹಾಗಾಯಿತು. ಆಡಿಯೋ ಸಿಡಿಯನ್ನು ರಿಪ್ ಮಾಡಬೇಕು, ಅಂದರೆ ಹಾಡನ್ನೇ ಓದಿಸಿ ಫೈಲ್ ಆಗಿ ಉಳಿಸಬೇಕು. ವಿಂಡೋಸ್‌ನ ಮೀಡಿಯಾ ಪ್ಲೇಯರಿನಲ್ಲೇ ಆ ಬಟನ್ ಇದೆ. ಗೀರು ಬಿದ್ದ ಸಿಡಿಗೆ ‘ಎಕ್ಸಾಕ್ಟ್ ಆಡಿಯೋ ಕಾಪಿ’ ಒಳ್ಳೆಯದು. ಅನುಮಾನ ಬಂದ ಜಾಗವನ್ನು ಮತ್ತೆ ಮತ್ತೆ ಓದಿ ಹೋಲಿಸಿ ನೋಡುತ್ತದೆ, ಉಚಿತವೂ ಹೌದು. ಮೂಲ ಗುಣ ಉಳಿಯಬೇಕಾದರೆ ಫ್ಲಾಕ್ ರೂಪದಲ್ಲಿ ಇಡಿ. ಕೇಳಲು ಮೊಬೈಲಿಗೆ ಎಂಪಿ3 ಮಾಡಿಕೊಳ್ಳಿ. ಡಿಸ್ಕ್ ಮೇಲೆ ಎಂಪಿ3 ಅಂತಲೇ ಇದ್ದರೆ ಅದು ಬೇರೆ, ಸೀದಾ ಕಾಪಿ ಮಾಡಬಹುದು. ಗುರುತಿಸುವುದು ಸುಲಭ, ಫೈಲಿನ ಗಾತ್ರ ನೋಡಿ.

ಸಿನಿಮಾ ಹಾಡಿನ ಸಿಡಿಯಾದರೆ ಈ ತಂತ್ರಾಂಶಗಳು ಇಂಟರ್‌ನೆಟ್‌ನಿಂದ ಹಾಡಿನ ಹೆಸರು ತಂದು ತುಂಬುವುದುಂಟು. ತಾಳಮದ್ದಲೆಗೆ ಅದು ಸಿಗುತ್ತದೆ ಅಂತ ನಂಬಿ ಕೂರಬೇಡಿ. ‘ಟ್ರ್ಯಾಕ್ 1, ಟ್ರ್ಯಾಕ್ 2’ ಅಂತ ಬಂದು ಕೂರುತ್ತವೆ. ಒಂದು ಪ್ರಸಂಗ ಮೂರು ನಾಲ್ಕು ಸಿಡಿಗೆ ಹರಡಿರುತ್ತದೆ, ಕೈಬರಹದ ಕವರ್ ಅದಲುಬದಲಾಗಿರುತ್ತದೆ. ಹಾಗಾಗಿ ಆ ಸಿಡಿಗಳನ್ನು ಕಾಪಿ ಮಾಡುವ ದಿನ ಅಪ್ಪನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಎರಡು ನಿಮಿಷ ಕೇಳಿಸಿದರೆ ಸಾಕು, ಇದು ಕೃಷ್ಣಸಂಧಾನ, ಅದು ವಾಲಿವಧೆ, ಭಾಗವತರು ಇಂಥವರು, ವಾಲಿಯ ಅರ್ಥ ಹೇಳಿದವರು ಇಂಥವರು, ಆವತ್ತು ಕರೆಂಟ್ ಹೋಗಿತ್ತು ಅಂತ ಅವರೇ ಹೇಳುತ್ತಾರೆ. ಹೇಳಿದ್ದನ್ನು ಆಗಲೇ ಫೈಲಿನ ಹೆಸರಿಗೆ ಟೈಪ್ ಮಾಡಿ, ಕನ್ನಡದಲ್ಲೇ.